ಮೂವತ್ತಮೂರರ ಪ್ರಾಯದಲ್ಲಿ ಶಾಲೆಗೆ ಸೇರಿದ ಸಂತ ಇಗ್ನೇಷಿಯಸ್

ಜುಲೈ 31 ಲೊಯೋಲಾದ ಸಂತ ಇಗ್ನೇಷಿಯಸರ ಹಬ್ಬದ ದಿನ. ಮಲೆನಾಡಿನಲ್ಲಿ ಅದು ಜಡಿಮಳೆಯ ಕಾಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ನಮ್ಮ ಧರ್ಮಕೇಂದ್ರಗಳಲ್ಲಿ ಅಂದಿನ ಬಲಿಪೂಜೆಗೆ ಕೊಡೆ ಹಿಡಿದು ಬರುವವರು ಕೆಲವರೇ. ಬಂದವರು ಕೇಳುವ ಪ್ರಬೋಧನೆಯಲ್ಲಿ ಈ ಸಂತರು ಯೋಧರಾಗಿ, ಗಾಯಾಳುವಾಗಿ, ಯೇಸುಸಭೆಯ ಸಂಸ್ಥಾಪಕರಾಗಿ ಕಾಣಿಸಿಕೊಳ್ಳುತ್ತಾರೆ. ಅವರು ಗಾಯಗೊಂಡ 1521ಕ್ಕೂ ಸಭೆಗೆ ಮನ್ನಣೆ ದೊರೆತ 1540ಕ್ಕೂ ನಡುವೆ ಹನ್ನೊಂದು ವರ್ಷಗಳ ಕಾಲ ವಿದ್ಯಾರ್ಥಿಯಾಗಿದ್ದರೆಂಬುದು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ.

ಈ ವಾರ ಆ ಹನ್ನೊಂದು ವರ್ಷಗಳನ್ನೇ ನೋಡೋಣ. ಅದಕ್ಕೆ ಕಾರಣವಿದೆ. ತೋಟದ ಕೆಲಸಕ್ಕೋ ಮನೆಯ ಕಷ್ಟಕ್ಕೋ ಏಳನೆಯ ತರಗತಿಗೆ ಶಾಲೆ ಬಿಟ್ಟು, ಮಕ್ಕಳು ಬೆಳೆದ ಮೇಲೆ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಕಟ್ಟುವ ತಾಯಂದಿರು ನಮ್ಮಲ್ಲಿ ಇದ್ದಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ಹತ್ತಾರು ವರ್ಷ ದುಡಿದು, ಅಲ್ಲಿಯ ತರಬೇತಿಯ ಪ್ರಮಾಣಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಊರಿಗೆ ಮರಳಿ, ಇಲ್ಲಿ ಅವನ್ನು ಕೇಳುವವರಿಲ್ಲವೆಂದು ಕಂಡುಕೊಂಡವರೂ ಇದ್ದಾರೆ. ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದವರು 2002ರಿಂದ ಇಲ್ಲಿ ಬೇರೆಯೇ ಒಂದು ಪರೀಕ್ಷೆಯನ್ನು ದಾಟಬೇಕಾಗಿದೆ. ಕಲಿತದ್ದು ತಲೆಯಲ್ಲಿದೆ, ಕೈಯಲ್ಲಿದೆ. ಕಾಗದದ ಮೇಲೆ ಮಾತ್ರ ಇಲ್ಲ. ಆಗ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕೇ, ತನಗಿಂತ ಹತ್ತಿಪ್ಪತ್ತು ವರ್ಷ ಕಿರಿಯರ ಪಕ್ಕದಲ್ಲಿ ಕುಳಿತು ಪಾಠ ಕೇಳಬೇಕೇ ಎಂಬ ಪ್ರಶ್ನೆ ಏಳುತ್ತದೆ. ಸಂತ ಇಗ್ನೇಷಿಯಸರ ಮುಂದೆ ಈ ಪ್ರಶ್ನೆ ಒಂದಲ್ಲ, ಎರಡು ಸಲ ಬಂದಿತ್ತು.

ಅವರು ಹುಟ್ಟಿದ್ದು 1491ರಲ್ಲಿ, ಸ್ಪೇನಿನ ಉತ್ತರದ ಬಾಸ್ಕ್ ಸೀಮೆಯ ಲೊಯೋಲಾ ಎಂಬ ಮನೆತನದ ಕೋಟೆಮನೆಯಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವರು. ಜ್ಞಾನಸ್ನಾನದ ಹೆಸರು ಇನ್ಯೀಗೊ. ಹದಿಹರೆಯದಲ್ಲಿ ಅವರನ್ನು ಕಸ್ತಿಲ್ ರಾಜ್ಯದ ಕೋಶಾಧಿಕಾರಿಯ ಮನೆಗೆ ಕಳುಹಿಸಿದರು. ಅಲ್ಲಿ ಅವರು ಕಲಿತದ್ದು ಆಸ್ಥಾನದ ನಡೆನುಡಿ, ಕುದುರೆ ಸವಾರಿ, ಕತ್ತಿವರಸೆ ಮತ್ತು ಅತಿ ಸುಂದರವಾದ ಕೈಬರಹ. ಆ ಕಾಲದ ಪ್ರಭು ಮನೆತನದ ಕಿರಿಮಗನಿಗೆ ಇಷ್ಟು ಸಾಕಾಗಿತ್ತು. ವಿದ್ವತ್ತಿನ ಭಾಷೆಯಾದ ಲತೀನು ಅವರಿಗೆ ಬರುತ್ತಿರಲಿಲ್ಲ.

1521ರ ಮೇ 20ರಂದು ಪಾಂಪ್ಲೋನಾ ಕೋಟೆಯಲ್ಲಿ ಫ್ರೆಂಚರ ಫಿರಂಗಿ ಗುಂಡು ಅವರ ಬಲಗಾಲನ್ನು ಮುರಿಯಿತು, ಎಡಗಾಲಿಗೂ ಪೆಟ್ಟಾಯಿತು. ಮುಂದಿನ ಕಥೆ ವಾಚಕರಿಗೆ ತಿಳಿದದ್ದೇ. ವಕ್ರವಾಗಿ ಕೂಡಿದ ಮೂಳೆಯನ್ನು ಮತ್ತೆ ಮುರಿದು ಕೂಡಿಸಿದ್ದು, ಮಂಡಿಯ ಕೆಳಗೆ ಉಬ್ಬಿ ನಿಂತ ಎಲುಬನ್ನು ಗರಗಸದಿಂದ ಕೊಯ್ಸಿಕೊಂಡದ್ದು, ಹಾಸಿಗೆಯಲ್ಲಿ ಓದಲು ವೀರಕಥೆಗಳನ್ನು ಕೇಳಿದರೆ ಕ್ರಿಸ್ತಜೀವನ ಮತ್ತು ಸಂತಚರಿತ್ರೆಯ ಪುಸ್ತಕಗಳು ದೊರೆತದ್ದು. ಆ ಪುಸ್ತಕಗಳಿಂದ ಅವರು ಸುಮಾರು ಮುನ್ನೂರು ಪುಟಗಳಷ್ಟು ಬರೆದುಕೊಂಡರು. ಪ್ರಭುವಿನ ಮಾತುಗಳಿಗೆ ಕೆಂಪು ಮಸಿ, ಮಾತೆ ಮರಿಯಮ್ಮನವರ ಮಾತುಗಳಿಗೆ ನೀಲಿ ಮಸಿ. ಆಸ್ಥಾನದಲ್ಲಿ ಕಲಿತ ಕೈಬರಹ ಮೊದಲ ಬಾರಿಗೆ ಬೇರೊಂದು ಕೆಲಸಕ್ಕೆ ಬಂದಿತ್ತು.

ಅನಂತರ ಮೊಂತ್ಸೆರಾತ್ ಯಾತ್ರೆ, ಮನ್ರೇಸಾದಲ್ಲಿ ಸುಮಾರು ಹನ್ನೊಂದು ತಿಂಗಳ ತಪಸ್ಸು, 1523ರಲ್ಲಿ ಜೆರುಸಲೇಮ್. ಪುಣ್ಯಭೂಮಿಯಲ್ಲೇ ಉಳಿದು ಆತ್ಮಗಳ ಸೇವೆ ಮಾಡುವ ಆಸೆ ಅವರದಾಗಿತ್ತು. ಅಲ್ಲಿಯ ಫ್ರಾನ್ಸಿಸ್ಕನ್ ಹಿರಿಯರು ಅನುಮತಿ ನೀಡದೆ ಹಿಂದಕ್ಕೆ ಕಳುಹಿಸಿದರು. ಹಿಂತಿರುಗುವ ದಾರಿಯಲ್ಲಿ ಮುಂದೇನು ಎಂಬ ಚಿಂತೆ. ಜನರಿಗೆ ನೆರವಾಗಬೇಕಾದರೆ ಓದು ಬೇಕು ಎಂಬ ತೀರ್ಮಾನಕ್ಕೆ ಅವರು ಬಂದದ್ದು ಆಗ.

1524ರಲ್ಲಿ ಬಾರ್ಸಿಲೋನಾ ನಗರದಲ್ಲಿ ಜೆರೊನಿ ಆರ್ದೆವೊಲ್ ಎಂಬ ಉಪಾಧ್ಯಾಯರು ಶುಲ್ಕವಿಲ್ಲದೆ ಲತೀನು ವ್ಯಾಕರಣ ಹೇಳಿಕೊಡಲು ಒಪ್ಪಿದರು. ಇಸಬೆಲ್ ರೊಸೆರ್ ಎಂಬ ಸದ್ಗೃಹಿಣಿ ಊಟ ವಸತಿಗೆ ನೆರವಾದರು. ಮೂವತ್ತಮೂರು ವರ್ಷದ, ಕುಂಟುತ್ತ ನಡೆಯುವ ಮಾಜಿ ಯೋಧ ಚಿಕ್ಕ ಹುಡುಗರೊಡನೆ ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಮಾಡತೊಡಗಿದರು. ವಿಚಿತ್ರವೆಂದರೆ ಅವರಿಗೆ ಅಡ್ಡಿಯಾದದ್ದು ನಾಚಿಕೆಯಲ್ಲ, ಭಕ್ತಿ. ಪುಸ್ತಕ ತೆರೆದೊಡನೆ ಹೊಸ ಹೊಸ ಆಧ್ಯಾತ್ಮಿಕ ಹೊಳಹುಗಳು, ಸಾಂತ್ವನಗಳು ಮನಸ್ಸನ್ನು ತುಂಬಿ ಪಾಠ ಮರೆಯುತ್ತಿತ್ತು. ಪ್ರಾರ್ಥನೆಗೆ ಕುಳಿತಾಗ, ಬಲಿಪೂಜೆಯ ವೇಳೆಯಲ್ಲಿ ಇಷ್ಟು ಹೊಳೆಯದ್ದು ವ್ಯಾಕರಣದ ಹೊತ್ತಿನಲ್ಲೇ ಏಕೆ ಹೊಳೆಯುತ್ತದೆ ಎಂದು ಅವರು ತಮ್ಮನ್ನೇ ಪರೀಕ್ಷಿಸಿಕೊಂಡರು. ಅದು ಶೋಧನೆಯೆಂದು ಕಂಡುಕೊಂಡರು. ಗುರುಗಳನ್ನು ಸಾಂತ ಮರಿಯಾ ದೆಲ್ ಮಾರ್ ದೇವಾಲಯಕ್ಕೆ ಕರೆದುಕೊಂಡು ಹೋಗಿ, ಕುಳ್ಳಿರಿಸಿ, ನಡೆದದ್ದನ್ನೆಲ್ಲ ತಿಳಿಸಿದರು. ಬಾರ್ಸಿಲೋನಾದಲ್ಲಿ ತಮಗೆ ರೊಟ್ಟಿ, ನೀರು ಸಿಗುವವರೆಗೆ ಈ ಎರಡು ವರ್ಷ ಒಂದು ಪಾಠವನ್ನೂ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಇತರ ಹುಡುಗರಂತೆ ತಪ್ಪಿದಾಗ ತಮಗೂ ಏಟು ಕೊಡಬೇಕೆಂದು ಕೇಳಿಕೊಂಡರೆಂದು ಅವರ ಶಿಷ್ಯ ರಿಬದನೇರಾ ಬರೆದಿಡುತ್ತಾರೆ. ಆ ಶೋಧನೆ ಮತ್ತೆ ಕಾಡಲಿಲ್ಲ. ವಯಸ್ಸಾದ ಮೇಲೆ ಓದಲು ಕುಳಿತವರಿಗೆ ಪುಸ್ತಕ ತೆರೆದ ಕೂಡಲೇ ಬೇರೆಲ್ಲ ಪುಣ್ಯಕಾರ್ಯಗಳು ನೆನಪಾಗುವುದನ್ನು ಬಲ್ಲವರು ಈ ಪ್ರಸಂಗವನ್ನು ಚೆನ್ನಾಗಿ ಅರಿತಾರು.

ಎರಡು ವರ್ಷಗಳ ಬಳಿಕ ಗುರುಗಳು ಇನ್ನು ಮೇಲಿನ ಓದಿಗೆ ಹೋಗಬಹುದೆಂದರು. 1526ರಲ್ಲಿ ಅಲ್ಕಲಾ ವಿಶ್ವವಿದ್ಯಾನಿಲಯ. ಇಲ್ಲಿ ಇಗ್ನೇಷಿಯಸರು ಆತುರಪಟ್ಟರು ಎಂದೇ ಹೇಳಬೇಕು. ತರ್ಕಶಾಸ್ತ್ರ, ಪ್ರಕೃತಿಶಾಸ್ತ್ರ, ದೇವಶಾಸ್ತ್ರ ಮೂರನ್ನೂ ಒಟ್ಟಿಗೇ ಹಿಡಿದರು. ಜೊತೆಗೆ ಭಿಕ್ಷಾಟನೆ, ಬಡವರ ಸೇವೆ, ಮನೆಮನೆಗಳಲ್ಲಿ ಧರ್ಮೋಪದೇಶ. ಯಾವುದೂ ಗಟ್ಟಿಯಾಗಲಿಲ್ಲ. ಅಷ್ಟರಲ್ಲಿ ದೂರು ಹುಟ್ಟಿತು: ಗುರುದೀಕ್ಷೆಯಿಲ್ಲದ, ಪದವಿಯಿಲ್ಲದ ಈ ಮನುಷ್ಯನಿಗೆ ದೇವರ ವಿಷಯ ಬೋಧಿಸುವ ಅಧಿಕಾರ ಎಲ್ಲಿಂದ ಬಂತು? 1527ರಲ್ಲಿ ನಲವತ್ತೆರಡು ದಿನ ಸೆರೆಮನೆಯಲ್ಲಿದ್ದರು. ತೀರ್ಪಿನಲ್ಲಿ ಅವರ ಬಾಳಿನಲ್ಲಾಗಲಿ ಬೋಧನೆಯಲ್ಲಾಗಲಿ ತಪ್ಪು ಕಾಣಲಿಲ್ಲ. ಆದರೆ ಇತರ ವಿದ್ಯಾರ್ಥಿಗಳಂತೆ ಉಡುಪು ಧರಿಸಬೇಕು, ಇನ್ನೂ ಕೆಲವು ವರ್ಷ ಓದುವವರೆಗೆ ವಿಶ್ವಾಸದ ವಿಷಯಗಳನ್ನು ಮಾತನಾಡಕೂಡದು ಎಂಬ ಅಪ್ಪಣೆಯಾಯಿತು. ಬೇರೆ ಬಟ್ಟೆ ಕೊಳ್ಳಲು ಹಣವಿಲ್ಲವೆಂದಾಗ ತೀರ್ಪುಗಾರರೇ ಅದನ್ನು ಒದಗಿಸಿದರು.

ಅಲ್ಲಿಂದ ಸಲಮಾಂಕಾ. ಬಂದು ಎರಡು ವಾರ ತುಂಬುವ ಮೊದಲೇ ದೊಮಿನಿಕನ್ ಮಠದಲ್ಲಿ ಊಟಕ್ಕೆ ಕರೆದು ವಿಚಾರಣೆ ನಡೆಸಿದರು. ಓದಿ ತಿಳಿದು ಮಾತನಾಡುವಿರೋ, ಪವಿತ್ರಾತ್ಮರ ಪ್ರೇರಣೆಯಿಂದಲೋ ಎಂದು ಕೇಳಿದರು. ಓದಿ ಎನ್ನಲು ಪದವಿಯಿಲ್ಲ. ಪವಿತ್ರಾತ್ಮರಿಂದ ಎಂದರೆ ಪಾಷಂಡದ ಗುಮಾನಿ. ಅವರು ಮೌನ ತಾಳಿದರು. ಮತ್ತೆ ಇಪ್ಪತ್ತೆರಡು ದಿನ ಸೆರೆ, ಕಾಲಿಗೆ ಸಂಗಡಿಗನೊಡನೆ ಒಂದೇ ಸರಪಳಿ. ಒಂದು ರಾತ್ರಿ ಉಳಿದ ಕೈದಿಗಳೆಲ್ಲ ಓಡಿಹೋದರೂ ಇವರು ಬಾಗಿಲು ತೆರೆದಿದ್ದ ಸೆರೆಮನೆಯಲ್ಲೇ ಕುಳಿತಿದ್ದರು. ತೀರ್ಪು ಹಿಂದಿನದರಂತೆಯೇ ಬಂತು. ತಪ್ಪಿಲ್ಲ, ಆದರೆ ಯಾವುದು ಮಾರಕ ಪಾಪ, ಯಾವುದು ಲಘು ಪಾಪ ಎಂಬುದನ್ನು ಇನ್ನೂ ನಾಲ್ಕು ವರ್ಷ ಓದುವವರೆಗೆ ವಿವರಿಸಬಾರದು.

ಇದರಲ್ಲಿ ಅನ್ಯಾಯವನ್ನಷ್ಟೇ ಕಾಣುವವರಿದ್ದಾರೆ. ಆದರೆ ಅಂದಿನ ಸ್ಪೇನಿನಲ್ಲಿ ಕಳ್ಳ ಬೋಧಕರಿಗೆ ಕೊರತೆಯಿರಲಿಲ್ಲ. ಅಧಿಕಾರಿಗಳ ಎಚ್ಚರಿಕೆಗೂ ಅರ್ಥವಿತ್ತು. ಇಗ್ನೇಷಿಯಸರು ತೀರ್ಪಿಗೆ ವಿಧೇಯರಾದರು, ಆದರೆ ಬಾಯಿಗೆ ಬೀಗ ಹಾಕಿಸಿಕೊಂಡು ಅಲ್ಲೇ ಇರಲು ಒಪ್ಪಲಿಲ್ಲ. ಅಂದಿನ ಕ್ರೈಸ್ತಲೋಕದ ಅತಿ ದೊಡ್ಡ ವಿದ್ಯಾಪೀಠವಾದ ಪ್ಯಾರಿಸಿಗೆ ಹೊರಟರು. ಸ್ಪೇನಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿದ್ದ ಕಾಲ. ಅಲ್ಲಿ ಸ್ಪೇನಿನವರನ್ನು ಕಬ್ಬಿಣದ ಸಲಾಕೆಗೆ ಚುಚ್ಚಿ ಸುಡುತ್ತಾರೆಂದು ಹಿತೈಷಿಗಳು ಹೆದರಿಸಿದರು. ಚಳಿಗಾಲದಲ್ಲಿ ಒಬ್ಬರೇ ಕಾಲ್ನಡಿಗೆಯಲ್ಲಿ ಹೋಗಿ 1528ರ ಫೆಬ್ರವರಿ 2ರಂದು ಪ್ಯಾರಿಸ್ ತಲುಪಿದರು. ಆಗ ವಯಸ್ಸು ಮೂವತ್ತೇಳು ನಡೆಯುತ್ತಿತ್ತು.

ಎರಡನೆಯ ಸಲ ಆ ಪ್ರಶ್ನೆ ಎದುರಾದದ್ದು ಇಲ್ಲಿ. ಪ್ಯಾರಿಸಿನ ಕ್ರಮ ಕಟ್ಟುನಿಟ್ಟಾದದ್ದು: ಮೊದಲು ಲತೀನು ವ್ಯಾಕರಣ ಮತ್ತು ಸಾಹಿತ್ಯ, ಅದು ಪಕ್ವವಾದ ಮೇಲೆ ತತ್ತ್ವಶಾಸ್ತ್ರ, ಅದರಲ್ಲಿ ಪದವಿಯಾದ ಬಳಿಕವೇ ದೇವಶಾಸ್ತ್ರ. ಪಾಠ, ಪುನರಾವರ್ತನೆ, ವಾದ, ಪರೀಕ್ಷೆ ಎಲ್ಲವೂ ಸರದಿಯಂತೆ. ಸ್ಪೇನಿನ ಮೂರು ಪಟ್ಟಣಗಳಲ್ಲಿ ಕಳೆದ ನಾಲ್ಕು ವರ್ಷಗಳಿಗೆ ಇಲ್ಲಿ ಯಾವ ಲೆಕ್ಕವೂ ಇರಲಿಲ್ಲ. ಅದನ್ನು ಯಾರೋ ಬಲವಂತವಾಗಿ ಅಳಿಸಿಹಾಕಿದರೆಂದು ಹೇಳುವಂತಿಲ್ಲ. ತಮ್ಮ ಬುನಾದಿ ಸಡಿಲವಾಗಿದೆಯೆಂದು ಇಗ್ನೇಷಿಯಸರೇ ಕಂಡುಕೊಂಡರು. ಮೊಂತೆಗ್ಯೂ ಕಾಲೇಜಿನಲ್ಲಿ ಮತ್ತೆ ಚಿಕ್ಕ ಹುಡುಗರ ನಡುವೆ ಕುಳಿತು ಲತೀನನ್ನು ಆರಂಭದಿಂದ ಹಿಡಿದರು. ಕಠಿಣ ಶಿಸ್ತಿಗೆ ಹೆಸರಾಗಿದ್ದ ಆ ಕಾಲೇಜಿನಲ್ಲಿ ಅವರಿಗಿಂತ ಮುಂಚೆ ಎರಾಸ್ಮಸ್ ಓದಿದ್ದನು, ಕ್ಯಾಲ್ವಿನ್ ಕೂಡ ಓದಿದ್ದನು.

ಓದಿಗಿಂತ ಹೊಟ್ಟೆಯ ಪಾಡು ಕಷ್ಟವಾಯಿತು. ಬಾರ್ಸಿಲೋನಾದ ಹಿತೈಷಿಗಳು ಕೊಟ್ಟ ಇಪ್ಪತ್ತೈದು ಎಸ್ಕುದೊ ಹಣವನ್ನು ಜೊತೆಗಿದ್ದ ಸ್ಪೇನಿನ ವಿದ್ಯಾರ್ಥಿಯೊಬ್ಬನ ಬಳಿ ಇಡಲು ಕೊಟ್ಟಿದ್ದರು. ಅವನು ಅದನ್ನು ಖರ್ಚು ಮಾಡಿಬಿಟ್ಟನು. ಬಾಡಿಗೆ ಕೊಡಲಾಗದೆ ಇಗ್ನೇಷಿಯಸರು ಊರಾಚೆಯ ಧರ್ಮಛತ್ರಕ್ಕೆ ಹೋದರು. ಅದರ ಬಾಗಿಲು ಬೆಳಗಾದ ಮೇಲೆ ತೆರೆದು ಸಂಜೆಯ ಗಂಟೆಗೆ ಮುಚ್ಚುತ್ತಿತ್ತು. ಕಾಲೇಜಿನ ಪಾಠ ಬೆಳಕು ಹರಿಯುವ ಮೊದಲೇ ಆರಂಭವಾಗುತ್ತಿತ್ತು. ದಾರಿ ದೂರ, ಹಗಲೆಲ್ಲ ಭಿಕ್ಷೆ, ಪಾಠಗಳು ತಪ್ಪಿದವು. ಯಾರಾದರೂ ಅಧ್ಯಾಪಕರ ಮನೆಯಲ್ಲಿ ಆಳಾಗಿದ್ದುಕೊಂಡು ಓದೋಣವೆಂದು ಎಷ್ಟು ಹುಡುಕಿದರೂ ಕೆಲಸ ಸಿಗಲಿಲ್ಲ. ಕೊನೆಗೆ ಒಬ್ಬ ಸ್ಪ್ಯಾನಿಷ್ ಸನ್ಯಾಸಿ ದಾರಿ ತೋರಿಸಿದರು. ವರ್ಷಕ್ಕೊಮ್ಮೆ ಫ್ಲಾಂಡರ್ಸಿಗೆ ಹೋಗಿ ಅಲ್ಲಿಯ ಸ್ಪೇನಿನ ವರ್ತಕರಲ್ಲಿ ಬೇಡಿದರೆ ವರ್ಷದ ಖರ್ಚು ಹುಟ್ಟುತ್ತದೆ, ಉಳಿದ ತಿಂಗಳು ನಿಶ್ಚಿಂತೆಯಿಂದ ಓದಬಹುದು. 1529ರಿಂದ ಮೂರು ವರ್ಷ ಅವರು ಬ್ರೂಜ್, ಆಂಟ್ವರ್ಪ್ ಪಟ್ಟಣಗಳಿಗೆ ಹೋಗಿ ಬಂದರು. 1531ರಲ್ಲಿ ಲಂಡನ್ನಿಗೂ ಹೋದರು. ಇಂದು ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವರ ಪಾಡನ್ನು ಈ ಸಂತರು ನಡೆದೇ ಬಲ್ಲರು.

ಹಣ ಕಳೆದವನ ಕಥೆಯನ್ನು ಹೇಳದಿರಲಾಗದು. ಅವನು ಊರಿಗೆ ಹೊರಟು ರುವಾನ್ ಪಟ್ಟಣದಲ್ಲಿ ಹಡಗಿಗೆ ಕಾಯುತ್ತಿದ್ದಾಗ ಕಾಯಿಲೆ ಬಿದ್ದು ಇಗ್ನೇಷಿಯಸರಿಗೇ ಪತ್ರ ಬರೆದನು. ಅವರು ಬರಿಗಾಲಿನಲ್ಲಿ, ಅನ್ನಪಾನಗಳಿಲ್ಲದೆ ಮೂರು ದಿನಗಳ ದಾರಿ ನಡೆದುಹೋಗಿ ಅವನನ್ನು ಸಂತೈಸಿ, ಹಡಗು ಹತ್ತಿಸುವ ಏರ್ಪಾಡು ಮಾಡಿ, ಸಲಮಾಂಕಾದಲ್ಲಿದ್ದ ತಮ್ಮ ಸಂಗಡಿಗರಿಗೆ ಪತ್ರವನ್ನೂ ಕೊಟ್ಟು ಕಳುಹಿಸಿದರು.

1529ರ ಅಕ್ಟೋಬರಿನಲ್ಲಿ ಸೇಂಟ್ ಬಾರ್ಬ್ ಕಾಲೇಜಿಗೆ ಸೇರಿ ತತ್ತ್ವಶಾಸ್ತ್ರ ಆರಂಭಿಸಿದರು. ಅಧ್ಯಾಪಕರು ಹುವಾನ್ ಪೆನ್ಯಾ. ಅದೇ ಕೊಠಡಿಯಲ್ಲಿ ಇನ್ನಿಬ್ಬರು ವಿದ್ಯಾರ್ಥಿಗಳು: ಸವೋಯ್ ಬೆಟ್ಟಗಳಲ್ಲಿ ಕುರಿ ಕಾಯುತ್ತ ಬೆಳೆದ ಪೀಟರ್ ಫೇಬರ್ ಮತ್ತು ನವಾರ್ರಾ ಸೀಮೆಯ ಫ್ರಾನ್ಸಿಸ್ ಝೇವಿಯರ್. ಇಬ್ಬರೂ 1506ರಲ್ಲಿ ಹುಟ್ಟಿದವರು. ಹಿಂದಿನ ಪಾಠಗಳನ್ನು ಈ ಹಿರಿಯ ವಿದ್ಯಾರ್ಥಿಗೆ ಮತ್ತೆ ಹೇಳಿಕೊಡುವ ಕೆಲಸವನ್ನು ಪೆನ್ಯಾ ಅವರು ಫೇಬರರಿಗೆ ವಹಿಸಿದರು. ಇಪ್ಪತ್ತಮೂರರ ಯುವಕ ಗುರು, ಮೂವತ್ತೆಂಟರವರು ಶಿಷ್ಯ. ಅರಿಸ್ಟಾಟಲನ ತರ್ಕವನ್ನು ಬಿಡಿಸಿ ಹೇಳುತ್ತಿದ್ದ ಫೇಬರ್ ತನ್ನ ಮನಸ್ಸಿನ ತೊಡಕುಗಳನ್ನು ಇಗ್ನೇಷಿಯಸರ ಮುಂದಿಡತೊಡಗಿದರು. ಒಬ್ಬರು ಪಾಠ ಕೊಟ್ಟರು, ಇನ್ನೊಬ್ಬರು ಮಾರ್ಗದರ್ಶನ ಕೊಟ್ಟರು. ಲೋಕದ ಕೀರ್ತಿಯ ಕನಸು ಕಾಣುತ್ತಿದ್ದ ಝೇವಿಯರರು ಒಲಿಯಲು ಬಹಳ ಕಾಲ ಹಿಡಿಯಿತು. ಮೊಂತೆಗ್ಯೂವಿನಲ್ಲಿ ಮತ್ತೆ ಹುಡುಗರ ಪಾಠಕ್ಕೆ ಕುಳಿತ ಆ ಒಂದೂವರೆ ವರ್ಷ ಇಲ್ಲದಿದ್ದರೆ ಇಗ್ನೇಷಿಯಸರು ಆ ಅಕ್ಟೋಬರಿನಲ್ಲಿ ಆ ಕೊಠಡಿಗೆ ಬರುತ್ತಿರಲಿಲ್ಲ. ಗೋವೆಗೆ ಝೇವಿಯರರು ಬರುತ್ತಿದ್ದರೇ ಎಂದು ಕೇಳಿಕೊಳ್ಳಬಹುದು.

ಇಲ್ಲೂ ಅವಮಾನ ತಪ್ಪಲಿಲ್ಲ. ಇತರ ವಿದ್ಯಾರ್ಥಿಗಳನ್ನು ಭಾನುವಾರ ಪ್ರಾರ್ಥನೆಗೆ ಸೆಳೆದು ವಾದಗೋಷ್ಠಿ ತಪ್ಪಿಸುತ್ತಾರೆಂದು ಕಾಲೇಜಿನ ಮುಖ್ಯಸ್ಥ ಗುವೇಯಾ ಕೆರಳಿದರು. ಎಲ್ಲರ ಮುಂದೆ ಬೆತ್ತದ ಏಟು ಕೊಡಿಸಲು ತೀರ್ಮಾನವಾಯಿತು. ಇಗ್ನೇಷಿಯಸರು ನೇರವಾಗಿ ಮುಖ್ಯಸ್ಥರ ಕೊಠಡಿಗೆ ಹೋದರು. ಏಟಿಗೆ ತಾವು ಹೆದರುವುದಿಲ್ಲ, ಆದರೆ ಒಳ್ಳೆಯ ದಾರಿಗೆ ಬಂದ ಎಳೆಯರು ಇದನ್ನು ಕಂಡು ಎದೆಗುಂದಿದರೆ ಹೊಣೆ ಯಾರದೆಂದು ವಿನಯದಿಂದ ಕೇಳಿದರು. ಗುವೇಯಾ ಅವರನ್ನು ಕೈ ಹಿಡಿದು ಸಭೆಗೆ ಕರೆತಂದು, ಎಲ್ಲರೆದುರು ಕ್ಷಮೆ ಬೇಡಿದರೆಂದು ರಿಬದನೇರಾ ತಿಳಿಸುತ್ತಾರೆ. ಮುಂದೆ ಭಾರತಕ್ಕೆ ಧರ್ಮಪ್ರಚಾರಕರಾಗಿ ಇವರ ಸಂಗಡಿಗರನ್ನು ಕಳುಹಿಸಬಹುದೆಂದು ಪೋರ್ಚುಗಲ್ ದೊರೆಗೆ ಸೂಚಿಸಿದವರೂ ಇದೇ ಗುವೇಯಾ.

ಪರೀಕ್ಷೆಯ ಕಾಲ ಬಂತು. ಪ್ಯಾರಿಸಿನಲ್ಲಿ ಬ್ಯಾಚಲರ್ ಪದವಿಗೆ ನಿಲ್ಲುವುದನ್ನು ಕಲ್ಲು ಹಿಡಿಯುವುದು ಎನ್ನುತ್ತಿದ್ದರು. ಅದಕ್ಕೆ ಒಂದು ಎಸ್ಕುದೊ ಖರ್ಚು, ಕಡುಬಡವರು ಬಿಟ್ಟುಬಿಡುತ್ತಿದ್ದರು. ಬಡತನದ ವ್ರತ ಹಿಡಿದವನು ಪದವಿಗಾಗಿ ಹಣ ಚೆಲ್ಲಬಹುದೇ ಎಂದು ಇಗ್ನೇಷಿಯಸರು ಹಿಂಜರಿದು ತೀರ್ಮಾನವನ್ನು ಗುರುಗಳಿಗೆ ಬಿಟ್ಟರು. ಹಿಡಿಯಿರಿ ಎಂದು ಗುರುಗಳು ಸಲಹೆಯಿತ್ತರು, ಹಿಡಿದರು. 1532ರಲ್ಲಿ ಬ್ಯಾಚಲರ್, 1533ರಲ್ಲಿ ಲೈಸೆನ್ಷಿಯೇಟ್, 1535ರಲ್ಲಿ ಮಾಸ್ಟರ್ ಆಫ್ ಆರ್ಟ್ಸ್. ನಲವತ್ತನಾಲ್ಕು ವರ್ಷಕ್ಕೆ ಎಂ.ಎ. ಎಂದರೆ ನಮ್ಮವರಿಗೆ ಸುಲಭವಾಗಿ ತಿಳಿಯುತ್ತದೆ. ಅಂದಿನಿಂದ ಅವರು ಮಾಸ್ಟರ್ ಇಗ್ನೇಷಿಯಸ್. ಇನ್ಯೀಗೊ ಎಂಬ ಹೆಸರಿನ ಬದಲು ಲತೀನಿನ ಈ ಹೆಸರು ನಿಂತದ್ದೂ ಪ್ಯಾರಿಸಿನಲ್ಲೇ. ದೇವಶಾಸ್ತ್ರದ ಪದವಿ ಮಾತ್ರ ಅವರಿಗೆ ದೊರೆಯಲಿಲ್ಲ. ಹೊಟ್ಟೆನೋವು ಹೆಚ್ಚಿ, ವೈದ್ಯರ ಮಾತಿನಂತೆ ಹುಟ್ಟೂರಿನ ಗಾಳಿಗೆ ಹೋಗಬೇಕಾಯಿತು. ಒಂದೂವರೆ ವರ್ಷ ದೇವಶಾಸ್ತ್ರ ಓದಿದ್ದಾರೆಂಬ ಪ್ರಮಾಣಪತ್ರ 1536ರಲ್ಲಿ ಅವರ ಕೈಸೇರಿತು.

ಅದಕ್ಕೂ ಮುಂಚೆ, 1534ರ ಆಗಸ್ಟ್ 15ರಂದು, ಮೊಂಮಾರ್ತ್ರ್ ಗುಡ್ಡದ ಗುಡಿಯಲ್ಲಿ ಏಳು ಮಂದಿ ವ್ರತ ತೊಟ್ಟಿದ್ದರು. ಬಲಿಪೂಜೆ ಅರ್ಪಿಸಿದವರು ಫೇಬರ್. ಏಳರಲ್ಲಿ ಆಗ ಗುರುದೀಕ್ಷೆ ಪಡೆದಿದ್ದವರು ಅವರೊಬ್ಬರೇ. ಇಗ್ನೇಷಿಯಸರಿಗೆ ಗುರುದೀಕ್ಷೆಯಾದದ್ದು 1537ರಲ್ಲಿ. 1540ರ ಸೆಪ್ಟೆಂಬರ್ 27ರಂದು ಜಗದ್ಗುರು ಮೂರನೆಯ ಪೌಲರು ಯೇಸುಸಭೆಗೆ ಮನ್ನಣೆ ನೀಡಿದರು. ಮರುವರ್ಷ ಇಗ್ನೇಷಿಯಸರು ಅದರ ಮಹಾಶ್ರೇಷ್ಠರಾದರು.

ತಾವು ಪಟ್ಟ ಪಾಡು ಸಭೆಯ ಸಂವಿಧಾನ ಬರೆಯುವಾಗ ಅವರಿಗೆ ಮರೆತಿರಲಿಲ್ಲ. ಓದುವ ಸಹೋದರರು ಭಿಕ್ಷೆಗೆ ಅಲೆಯಬಾರದು, ಕಾಲೇಜಿಗೆ ಸ್ಥಿರವಾದ ಆದಾಯವಿರಬೇಕು. ಪಾಠಗಳು ಒಂದರ ಮೇಲೊಂದು ಸರದಿಯಂತೆ ಬರಬೇಕು, ಮೂರನ್ನು ಒಟ್ಟಿಗೆ ಕಲಸಬಾರದು. ಓದಿನ ಕಾಲದಲ್ಲಿ ದೀರ್ಘ ಪ್ರಾರ್ಥನೆ, ಕಠಿಣ ಉಪವಾಸಗಳಿಗೆ ಮಿತಿಯಿರಬೇಕು. ಒಂದೊಂದು ನಿಯಮದ ಹಿಂದೆಯೂ ಬಾರ್ಸಿಲೋನಾದ ಶೋಧನೆ, ಅಲ್ಕಲಾದ ಆತುರ, ಪ್ಯಾರಿಸಿನ ಛತ್ರ ಕಾಣುತ್ತವೆ. 1548ರಲ್ಲಿ ಮೆಸ್ಸೀನಾದಲ್ಲಿ ಹೊರಗಿನ ಮಕ್ಕಳಿಗೂ ಕಾಲೇಜು ತೆರೆಯಿತು. 1551ರಲ್ಲಿ ರೋಮಿನಲ್ಲಿ ಒಂದು ಬಾಡಿಗೆ ಮನೆಯ ಬಾಗಿಲಿಗೆ ವ್ಯಾಕರಣ, ಸಾಹಿತ್ಯ, ಧರ್ಮೋಪದೇಶಗಳ ಉಚಿತ ಶಾಲೆಯೆಂಬ ಫಲಕ ಬಿತ್ತು. ಅದೇ ಇಂದಿನ ಗ್ರೆಗೋರಿಯನ್ ವಿಶ್ವವಿದ್ಯಾನಿಲಯದ ಮೂಲ. 1556ರ ಜುಲೈ 31ರ ಮುಂಜಾನೆ ಇಗ್ನೇಷಿಯಸರು ದೈವಾಧೀನರಾದಾಗ ಸಭೆಯಲ್ಲಿ ಸುಮಾರು ಒಂದು ಸಾವಿರ ಮಂದಿ ಇದ್ದರು. ಅದೇ ಸಭೆಯವರು 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. 2014ರಲ್ಲಿ ಶಿವಮೊಗ್ಗದ ಧರ್ಮಾಧ್ಯಕ್ಷರಾಗಿ ನೇಮಕಗೊಂಡ ಪೂಜ್ಯ ಫ್ರಾನ್ಸಿಸ್ ಸೆರಾವೊ ಅವರೂ ಯೇಸುಸಭೆಯವರೇ.

1622ರ ಮಾರ್ಚ್ 12ರಂದು ಇಗ್ನೇಷಿಯಸರನ್ನೂ ಝೇವಿಯರರನ್ನೂ ಒಂದೇ ದಿನ ಸಂತರೆಂದು ಸಾರಲಾಯಿತು. ಮರುವರ್ಷ, 1623ರ ಕೊನೆಯಲ್ಲಿ, ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯೊಡನೆ ಘಟ್ಟ ಹತ್ತಿ ಸಾಗರದ ಪಕ್ಕದ ಇಕ್ಕೇರಿಗೆ, ವೆಂಕಟಪ್ಪ ನಾಯಕರ ರಾಜಧಾನಿಗೆ ಬಂದನು. ದಾರಿಯಲ್ಲಿ ಒಂದು ದೇವಾಲಯದ ಮುಖಮಂಟಪದಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಅವನು ಕಂಡನು. ನೆಲದ ಮೇಲೆ ನಯವಾದ ಮರಳು ಹರಡಿ, ಪಾಠವನ್ನು ರಾಗವಾಗಿ ಹೇಳುತ್ತ, ಬೆರಳಿನಿಂದ ಬರೆಯುತ್ತ, ನೆಲ ತುಂಬಿದೊಡನೆ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಗುರುಗಳು ಯಾರೂ ಇರಲಿಲ್ಲ, ಒಬ್ಬರಿಗೊಬ್ಬರು ಒಪ್ಪಿಸಿಕೊಳ್ಳುತ್ತಿದ್ದರು. ಕಲಿಯಲು ಇದು ಸುಲಭವೂ ಖಚಿತವೂ ಆದ ದಾರಿಯೆಂದು ಮೆಚ್ಚಿ ಅವನು ಪತ್ರದಲ್ಲಿ ಬರೆದನು. ಕೆಲವು ತಿಂಗಳಲ್ಲಿ ಗೋವೆಗೆ ಮರಳಿದಾಗ ಅಲ್ಲಿ ಹೊಸ ಸಂತರಿಬ್ಬರ ಗೌರವಾರ್ಥ ಮೆರವಣಿಗೆಗಳೂ ನಾಟಕಗಳೂ ದಿನಗಟ್ಟಲೆ ನಡೆಯುತ್ತಿದ್ದವು; ಅವನ್ನೂ ನೋಡಿ, ಅದೇ ಪತ್ರಮಾಲೆಯಲ್ಲಿ ಸೇರಿಸಿದನು.